‘ಮನೇಲೇ ಇದ್ದಾಳೆ’ ಎಂದು ಬರೆಸಿಕೊಂಡ ಪದವೀಧರೆ

ಪ್ರಶ್ನೆ: ಮೇಡಂ, ನನಗೆ 23 ವರ್ಷ. ಶಿರಾ ತಾಲ್ಲೂಕಿನ ಒಂದು ಹಳ್ಳಿ. 2024ರಲ್ಲಿ ಬಿ.ಕಾಂ ಮುಗಿಯಿತು, 68% ಬಂದಿದೆ. ಒಂದು ವರ್ಷ ಮನೆಯಲ್ಲಿದ್ದೆ. ಆಮೇಲೆ ತುಮಕೂರಿನ ಒಂದು ಅಂಗಡಿಯಲ್ಲಿ ಬಿಲ್ಲಿಂಗ್ ಕೆಲಸಕ್ಕೆ ಐದು ತಿಂಗಳು ಹೋದೆ, ತಿಂಗಳಿಗೆ 9,000. ರಾತ್ರಿ ಎಂಟೂವರೆಗೆ ಬಿಡುತ್ತಿದ್ದರು. ಅಷ್ಟೊತ್ತಿಗೆ ನಮ್ಮೂರ ಬಸ್ ಹೋಗಿರುತ್ತಿತ್ತು. ಬಿಟ್ಟುಬಿಟ್ಟೆ. ಯುವನಿಧಿಗೆ ಮೊದಲೇ ಅರ್ಜಿ ಹಾಕಿದ್ದೆ, ಒಂದು ಪೈಸೆ ಬಂದಿಲ್ಲ. ಮೊಬೈಲಲ್ಲಿ ಕೆಲಸ ಹುಡುಕಿದರೆ ಎಲ್ಲರೂ ಅನುಭವ ಕೇಳುತ್ತಾರೆ. ಹೋದ ತಿಂಗಳು ಸರ್ವೆಯವರು ಟ್ಯಾಬ್ ಹಿಡಿದು ಮನೆಗೆ ಬಂದಿದ್ದರು. ಮಗಳು ಏನು ಮಾಡ್ತಾಳೆ ಅಂತ ಕೇಳಿದ್ದಕ್ಕೆ ಅಮ್ಮ, “ಓದು ಮುಗೀತು, ಈಗ ಮನೇಲೇ ಇದ್ದಾಳೆ, ಮನೆಕೆಲಸ ನೋಡ್ಕೋತಾಳೆ” ಅಂದರು. ನಾನು ಒಳಗೆ ಮುದ್ದೆ ತಿರುವುತ್ತಾ ಕೇಳಿಸಿಕೊಂಡೆ. ನಾನು ನಿರುದ್ಯೋಗಿ ಅಲ್ವಾ ಮೇಡಂ? ನನ್ನಂಥವರಿಗೆ ಏನಾದರೂ ಆಸರೆ ಇದೆಯಾ? ಅಪ್ಪ ಗಂಡು ನೋಡೋಕೆ ಶುರು ಮಾಡಿದ್ದಾರೆ.

ಉತ್ತರ: ಒಳಗೆ ನಿಂತು ಕೇಳಿಸಿಕೊಂಡೆ ಅಂತ ಬರೆದಿದ್ದೀರಲ್ಲ, ಅಲ್ಲಿಂದಲೇ ಶುರು ಮಾಡೋಣ.

ಟ್ಯಾಬ್ ಹಿಡಿದು ಬಂದವರು ಕೇಂದ್ರದ ಕಾರ್ಮಿಕ ಸಮೀಕ್ಷೆಯವರು ಇರಬೇಕು. ಪಿಎಲ್‌ಎಫ್‌ಎಸ್ ಅನ್ನುತ್ತಾರೆ, 2017ರಿಂದ ನಡೆಯುತ್ತಿದೆ. ನಿರುದ್ಯೋಗ ಇಷ್ಟು ಪರ್ಸೆಂಟ್ ಅಂತ ಪೇಪರಿನಲ್ಲಿ ಬರುತ್ತದಲ್ಲ, ಆ ಲೆಕ್ಕ ಇದರದ್ದು. ಮನೆಯ ಒಬ್ಬೊಬ್ಬರಿಗೂ ಅವರು ಒಂದು ಕೋಡ್ ಹಾಕುತ್ತಾರೆ. ಕೆಲಸ ಹುಡುಕುತ್ತಿದ್ದರೆ, ಅಥವಾ ಸಿಕ್ಕರೆ ಮಾಡಲು ತಯಾರಿದ್ದರೆ 81. ಬರೀ ಮನೆಕೆಲಸ ಅಂದರೆ 92. ಮನೆಕೆಲಸದ ಜೊತೆಗೆ ಮನೆ ಮಟ್ಟಿಗೆ ಸೌದೆ ತರುವುದು, ಹೊಲಿಯುವುದು ಇದ್ದರೆ 93. ಅಮ್ಮ ಹೇಳಿದ್ದನ್ನೇ ಬರೆದುಕೊಂಡಿದ್ದರೆ ನಿಮಗೆ ಬಿದ್ದಿರುವುದು 92. ನಿರುದ್ಯೋಗದ ಲೆಕ್ಕ ಹಾಕುವಾಗ 92, 93ರವರನ್ನು ಪಕ್ಕಕ್ಕೆ ತೆಗೆದಿಡುತ್ತಾರೆ. ಅವರು ಕೆಲಸ ಇರುವವರ ಪಟ್ಟಿಯಲ್ಲೂ ಇಲ್ಲ, ಇಲ್ಲದವರ ಪಟ್ಟಿಯಲ್ಲೂ ಇಲ್ಲ. ಹಾಗಾಗಿ ನೀವು ನಿರುದ್ಯೋಗಿ ಹೌದು. ಸರ್ಕಾರದ ಪುಸ್ತಕಕ್ಕೆ ಮಾತ್ರ ಅದು ಗೊತ್ತಿಲ್ಲ.

ಇದು ನಿಮ್ಮೊಬ್ಬರ ಕಥೆ ಅಲ್ಲ. 2023–24ರ ಇದೇ ಸಮೀಕ್ಷೆಯಲ್ಲಿ 15ರಿಂದ 29 ವರ್ಷದ ಹೆಣ್ಣುಮಕ್ಕಳ ನಿರುದ್ಯೋಗ ಪಟ್ಟಣಗಳಲ್ಲಿ 20.1% ಇತ್ತು, ಹಳ್ಳಿಗಳಲ್ಲಿ 8.2%. ಹಳ್ಳಿ ಹುಡುಗಿಯರಿಗೆ ಕೆಲಸ ಜಾಸ್ತಿ ಸಿಗುತ್ತಿದೆ ಅಂತ ಇದನ್ನು ಓದಿದರೆ ಮೋಸ ಹೋಗುತ್ತೀರಿ. ಅಲ್ಲಿ ಎಷ್ಟೋ ಜನ ಮನೆಯ ಹೊಲದಲ್ಲಿ, ಮನೆಯ ಅಂಗಡಿಯಲ್ಲಿ ಸಂಬಳ ಇಲ್ಲದೆ ದುಡಿಯುತ್ತಾರೆ, ಅವರು ‘ಕೆಲಸದಲ್ಲಿದ್ದಾರೆ’ ಅಂತ ಲೆಕ್ಕ. ಇನ್ನೆಷ್ಟೋ ಜನ ನಿಮ್ಮ ಹಾಗೆ 92. ಇನ್ನೊಂದು ಲೆಕ್ಕವೂ ಇದೆ. ಕೇಂದ್ರದವರು 2024ರಲ್ಲಿ ಸಮಯ ಬಳಕೆಯ ಸಮೀಕ್ಷೆ ಮಾಡಿದರು. ಮನೆಕೆಲಸಕ್ಕೆ ಕೈ ಹಾಕುವ ಹೆಂಗಸರು ದಿನಕ್ಕೆ 289 ನಿಮಿಷ ಅದಕ್ಕೇ ಕೊಡುತ್ತಾರೆ, ಗಂಡಸರು 88 ನಿಮಿಷ. ಐದು ಗಂಟೆಗೆ ಹನ್ನೊಂದು ನಿಮಿಷ ಕಮ್ಮಿ. ಅದಾದ ಮೇಲೂ ಮನೆಗೆ ಬಂದವರಿಗೆ ನಾವು ಹೇಳುವುದು ‘ಸುಮ್ನೆ ಮನೇಲಿದ್ದಾಳೆ’ ಅಂತ.

ಅಮ್ಮನ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಮಗಳಿಗೆ ಕೆಲಸ ಸಿಕ್ಕಿಲ್ಲ ಅಂತ ಗುರುತಿಲ್ಲದವರ ಮುಂದೆ ಯಾವ ತಾಯಿ ಹೇಳುತ್ತಾಳೆ? ಮರ್ಯಾದೆಗೆ ಹಾಗೆ ಅಂದಿರುತ್ತಾರೆ. ಆದರೆ ಅದೇ ಮಾತನ್ನು ಅವರು ಸೋದರಮಾವನಿಗೂ ಹೇಳಿರುತ್ತಾರೆ, ಸಂಘದ ಮೀಟಿಂಗಿನಲ್ಲೂ ಹೇಳಿರುತ್ತಾರೆ, ಮದುವೆ ಮನೆಯಲ್ಲಿ ಪಕ್ಕ ಕೂತವರಿಗೂ ಹೇಳಿರುತ್ತಾರೆ. ಅವರಲ್ಲಿ ಒಬ್ಬರ ಅಣ್ಣನ ಆಫೀಸಿನಲ್ಲಿ ಲೆಕ್ಕ ಬರೆಯುವವರು ಬೇಕಾಗಿರಬಹುದು. ನೀವು ಕೆಲಸ ಹುಡುಕುತ್ತಿದ್ದೀರಿ ಅಂತ ನಿಮ್ಮ ಮೊಬೈಲಿಗೆ ಬಿಟ್ಟರೆ ಊರಲ್ಲಿ ಇನ್ನು ಎಷ್ಟು ಜನಕ್ಕೆ ಗೊತ್ತು? ಎಣಿಸಿ ನೋಡಿ. ಸರ್ಕಾರದ ಆಸರೆಯೂ ಹಾಗೆಯೇ. ಇರುವುದೆಲ್ಲ ಹೆಸರು ಬರೆಸಿದವರಿಗೆ, ಬರೆಸಿದ ಹೆಸರು ಸರಿ ಇದ್ದವರಿಗೆ, ಫೋನ್ ಮಾಡಿದಾಗ ಎತ್ತಿದವರಿಗೆ. ಅದೂ ತುಂಬ ಇದೆ ಅಂತ ನಾನು ಹೇಳಲಾರೆ.

ಫೋನ್ ವಿಚಾರ ಮೊದಲು ಹೇಳಿಬಿಡುತ್ತೇನೆ. ಹುಡುಗಿಯರನ್ನು ಕೆಲಸಕ್ಕೆ ಸೇರಿಸುವ ಕೆಲಸವನ್ನೇ ನಾನು ಇಷ್ಟು ವರ್ಷ ಮಾಡಿಕೊಂಡು ಬಂದಿರುವುದು. ಒಂದು ಸಲ ಒಬ್ಬ ಹುಡುಗಿಯನ್ನು ಇಂಟರ್‌ವ್ಯೂಗೆ ಕರೆಯಲು ಫೋನ್ ಮಾಡಿದೆ. ತಮ್ಮ ಎತ್ತಿದ. ಹಿಂದೆ ಟ್ರ್ಯಾಕ್ಟರ್ ಸದ್ದು. “ಅವಳಾ? ಅವಳು ಕೆಲಸಕ್ಕೆಲ್ಲ ಹೋಗಲ್ಲ” ಅಂದವನೇ ಕಟ್ ಮಾಡಿದ. ಮೂರು ವಾರ ಬಿಟ್ಟು ಆಕೆಯೇ ಬಂದಳು, “ನನಗೆ ಕಾಲ್ ಬರಲೇ ಇಲ್ಲ ಮೇಡಂ” ಅಂತ. ಅರ್ಜಿ ತೆಗೆದು ತೋರಿಸಿದೆ. ನಂಬರ್ ನೋಡಿ ಅವಳ ಮುಖ ಸಣ್ಣದಾಯಿತು. ಕಂಪನಿಯವರು ಒಂದೇ ಸಲ ಕಾಲ್ ಮಾಡುತ್ತಾರೆ, ಎತ್ತದಿದ್ದರೆ ಪಟ್ಟಿಯ ಮುಂದಿನ ಹೆಸರಿಗೆ ಹೋಗುತ್ತಾರೆ. ನಿಮ್ಮದೇ ಸಿಮ್, ನಿಮ್ಮ ಕೈಲಿರುವ ಫೋನ್, ಅದೇ ನಂಬರ್ ಎಲ್ಲ ಅರ್ಜಿಯಲ್ಲೂ ಇರಲಿ. ಕೀಪ್ಯಾಡ್ ಸೆಟ್ ಆದರೂ ಸಾಕು. ಎರಡನೇ ನಂಬರ್ ಅಂತ ಕೇಳಿದರೆ ಗೆಳತಿಯದ್ದು ಕೊಡಿ, ಕಾಲ್ ಬಂದರೆ ಏನು ಹೇಳಬೇಕು ಅಂತ ಅವಳಿಗೆ ಮೊದಲೇ ಹೇಳಿಡಿ.

ಈಗ ಯುವನಿಧಿ. 2023ರ ಡಿಸೆಂಬರ್‌ನಲ್ಲಿ ನೋಂದಣಿ ಶುರುವಾಯಿತು, ಮೊದಲ ಕಂತು 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಕೊಟ್ಟರು. ಡಿಗ್ರಿ ಆದವರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಪಾಸಾಗಿ 180 ದಿನ ಕೆಲಸ ಸಿಗದೆ ಇರಬೇಕು, ಮುಂದೆ ಓದುತ್ತಿರಬಾರದು. 2022–23ರಲ್ಲಿ ಪಾಸಾದವರಿಂದ ಶುರುವಾಗಿ ಆಮೇಲಿನವರಿಗೂ ವಿಸ್ತರಿಸಿದ್ದಾರೆ, ಹಾಗಾಗಿ ನೀವು ಬರುತ್ತೀರಿ. ಪೂರ್ತಿ ಸಿಕ್ಕರೆ 72,000 ಆಗುತ್ತದೆ. ಸಣ್ಣ ದುಡ್ಡಲ್ಲ, ಬಿಡಬೇಡಿ.

ಅರ್ಜಿ ಹಾಕಿಯೂ ದುಡ್ಡು ಬಂದಿಲ್ಲ ಅಂದರೆ ನಾನು ಕಂಡ ಹಾಗೆ ಜಾಸ್ತಿ ಕಾರಣ ಎರಡು. ಒಂದು, ನಿಮ್ಮ ಡಿಗ್ರಿಯ ದಾಖಲೆ ನ್ಯಾಡ್‌ಗೆ ಏರಿಲ್ಲ. ಅದು ಅಂಕಪಟ್ಟಿಗಳ ರಾಷ್ಟ್ರೀಯ ಭಂಡಾರ, ಯುವನಿಧಿಯವರು ನೀವು ಪಾಸಾಗಿದ್ದೀರಾ ಅಂತ ಅಲ್ಲೇ ನೋಡುವುದು. ಡಿಜಿಲಾಕರ್ ತೆರೆದು ನಿಮ್ಮ ಡಿಗ್ರಿ ಕಾಣುತ್ತದಾ ನೋಡಿ. ಕಾಣದಿದ್ದರೆ ಕಾಲೇಜಿನ ಆಫೀಸಿಗೆ ಹೋಗಿ, ಅವರು ವಿಶ್ವವಿದ್ಯಾಲಯಕ್ಕೆ ಬರೆಯಬೇಕು. ಎರಡು, ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ ಆಗಿಲ್ಲ. ‘ಎನ್‌ಪಿಸಿಐ ಮಾಡ್ಸಿ’ ಅಂತಾರಲ್ಲ, ಅದು. ಗೃಹಲಕ್ಷ್ಮಿ ಕಾಲದಲ್ಲಿ ಅಮ್ಮ ಬ್ಯಾಂಕಿಗೆ ಅಲೆದಿದ್ದರೆ ಅವರಿಗೇ ಗೊತ್ತಿರುತ್ತದೆ, ಕೇಳಿ. ಆಮೇಲೆ, ಕೆಲಸ ಸಿಕ್ಕಿಲ್ಲ ಅಂತ ಸೇವಾ ಸಿಂಧುವಿನಲ್ಲಿ ಕಾಲಕಾಲಕ್ಕೆ ಸ್ವಯಂ ಘೋಷಣೆ ಕೊಡಬೇಕು, ಮರೆತರೆ ಅಲ್ಲಿಗೆ ನಿಂತಿತು. ಅಂಗಡಿಯಲ್ಲಿ ಮಾಡಿದ ಐದು ತಿಂಗಳು ಮುಚ್ಚಿಡಬೇಡಿ. ತಾಲ್ಲೂಕಿನಲ್ಲಿ ಗ್ಯಾರಂಟಿ ಅನುಷ್ಠಾನ ಸಮಿತಿ ಇದೆ, ಅಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿ, ಉಳಿದ ತಿಂಗಳಿಗೆ ಏನು ಮಾಡಬೇಕು ಅಂತ ಕೇಳಿ.

ಆ ಪ್ಲಾಸ್ಟಿಕ್ ಫೈಲ್ ಒಂದು ಸಲ ಹೊರಗೆ ತೆಗೆಯಿರಿ. ಎಲ್ಲರ ಮನೆಯಲ್ಲೂ ಒಂದು ಇರುತ್ತದೆ, ಬಟನ್ ಕಿತ್ತುಹೋದದ್ದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ಪಾಸ್‌ಬುಕ್, ಪ್ಯಾನ್ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಹೆಸರು ಓದಿ. ಒಂದರಲ್ಲಿ ‘ಆರ್’ ಇನಿಶಿಯಲ್ ಹಿಂದೆ, ಇನ್ನೊಂದರಲ್ಲಿ ಮುಂದೆ, ಮತ್ತೊಂದರಲ್ಲಿ ಅಪ್ಪನ ಹೆಸರು ಪೂರ್ತಿ, ಪಾಸ್‌ಬುಕ್ಕಿನಲ್ಲಿ ಇನಿಶಿಯಲ್ಲೇ ಇಲ್ಲ. ನಮ್ಮ ಕಡೆ ಹೆಸರಿಗೆ ಅಡ್ಡಹೆಸರು ಇರಲ್ಲ, ಹಾಗಾಗಿ ಯಾರು ಟೈಪ್ ಮಾಡಿದರೋ ಅವರಿಗೆ ತೋಚಿದ ಹಾಗೆ ಬರೆದಿರುತ್ತಾರೆ. ಯುವನಿಧಿ ಇರಲಿ, ನಾಳೆ ಕೆಲಸ ಸಿಕ್ಕಾಗ ಪಿಎಫ್ ಇರಲಿ, ಎಡವುವುದು ಇಲ್ಲೇ. ಎಸ್‌ಎಸ್‌ಎಲ್‌ಸಿಯಲ್ಲಿ ಇರುವುದನ್ನೇ ಸರಿ ಅಂತ ಇಟ್ಟುಕೊಂಡು ಉಳಿದದ್ದನ್ನು ಅದಕ್ಕೆ ಹೊಂದಿಸಿ. ಮನೆಯಲ್ಲಿರುವ ಈ ದಿನಗಳಲ್ಲಿ ಮಾಡಿ ಮುಗಿಸಬಹುದಾದ ಕೆಲಸ ಇದು. ಕೆಲಸಕ್ಕೆ ಸೇರಿದ ಮೇಲೆ ಇದಕ್ಕಾಗಿ ರಜೆ ಕೇಳಬೇಕಾಗುತ್ತದೆ.

ಉದ್ಯೋಗ ವಿನಿಮಯ ಕೇಂದ್ರದಲ್ಲಿ ಹೆಸರು ಬರೆಸಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಬರೆಸಿ, ಆದರೆ ಕಾರ್ಡ್ ಸಿಕ್ಕಿತು ಅಂತ ಕಾಯುತ್ತಾ ಕೂರಬೇಡಿ. 1959ರ ಕಾಯ್ದೆ ಬಂದಾಗಿಂದಲೂ ಅಲ್ಲಿ ಒಂದು ದೊಡ್ಡ ತೂತಿದೆ. ಖಾಲಿ ಹುದ್ದೆ ಇದ್ದರೆ ಕಂಪನಿಗಳು ಕೇಂದ್ರಕ್ಕೆ ತಿಳಿಸಬೇಕು ಅಂತ ಇತ್ತೇ ಹೊರತು ಅಲ್ಲಿಂದಲೇ ಜನ ತೆಗೆದುಕೊಳ್ಳಬೇಕು ಅಂತ ಇರಲಿಲ್ಲ. ಈಗ ಆ ಆಫೀಸಿನಿಂದ ನಿಜವಾಗಿ ಉಪಯೋಗಕ್ಕೆ ಬರುವುದು ಉದ್ಯೋಗ ಮೇಳದ ತಾರೀಖು. ಕೇಂದ್ರದ ಎನ್‌ಸಿಎಸ್ ಪೋರ್ಟಲ್, ರಾಜ್ಯದ ಸ್ಕಿಲ್ ಕನೆಕ್ಟ್ ಪೋರ್ಟಲ್ ಎರಡರಲ್ಲೂ ಹೆಸರು ಹಾಕಿಡಿ. ಎರಡೂ ಉಚಿತ. ಊರಿನ ಗ್ರಾಮ ಪಂಚಾಯಿತಿ ಲೈಬ್ರರಿಗೆ ಈಗ ಅರಿವು ಕೇಂದ್ರ ಅಂತ ಹೆಸರು, ಬಹಳ ಕಡೆ ಕಂಪ್ಯೂಟರೂ ಇದೆ. ಸೈಬರ್ ಅಂಗಡಿಗೆ ದುಡ್ಡು ಸುರಿಯುವ ಮೊದಲು ಅಲ್ಲಿಗೆ ಹೋಗಿ ನೋಡಿ.

‘ಅನುಭವ ಇಲ್ಲ’ ಅನ್ನುವ ಗೋಡೆ ದಾಟಲು ಒಂದು ಬಾಗಿಲಿದೆ, ಬಿ.ಕಾಂ ಹುಡುಗಿಯರು ಅದನ್ನು ತಟ್ಟುವುದೇ ಇಲ್ಲ. ಅಪ್ರೆಂಟಿಸ್. ಆ ಪದ ಕೇಳಿದರೆ ಐಟಿಐ ಹುಡುಗರು, ಗ್ರೀಸು, ಸ್ಪ್ಯಾನರ್ ನೆನಪಾಗುತ್ತದೆ. ಆದರೆ 2014ರ ತಿದ್ದುಪಡಿ ಆದಮೇಲೆ ಬಿ.ಎ., ಬಿ.ಕಾಂ ಆದವರೂ ಅಪ್ರೆಂಟಿಸ್ ಆಗಬಹುದು. ನ್ಯಾಟ್ಸ್ ಅನ್ನುವ ಪೋರ್ಟಲಿನಲ್ಲಿ ನೋಂದಾಯಿಸಬೇಕು. ಬ್ಯಾಂಕುಗಳು, ಸರ್ಕಾರಿ ಕಂಪನಿಗಳು, ಖಾಸಗಿ ಆಫೀಸುಗಳು ಅಲ್ಲಿ ಕರೆಯುತ್ತವೆ. 2019ರ ನಿಯಮದಲ್ಲೇ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ಸ್ಟೈಪೆಂಡ್ ಅಂತ ಮಾಡಿದ್ದಾರೆ. ನೋಡಿ, ಆ ಅಂಗಡಿಯವರು ಪೂರ್ತಿ ಕೆಲಸ ಮಾಡಿಸಿ ನಿಮಗೆ ಕೊಟ್ಟದ್ದೂ 9,000. ಪೂರ್ತಿ ದಿನದ ಕೆಲಸಕ್ಕೆ ಅದು ಕನಿಷ್ಠ ವೇತನಕ್ಕಿಂತ ಕಡಿಮೆ, ಅದು ಬೇರೆ ಮಾತು. ಇಲ್ಲಿ ಕೊನೆಗೆ ಸರ್ಟಿಫಿಕೇಟ್ ಕೈಗೆ ಬರುತ್ತದೆ. ‘ಅನುಭವ ಇದೆಯಾ’ ಅಂದವರ ಮುಂದೆ ಇಡಲು ಒಂದು ಕಾಗದ ಇರುತ್ತದೆ. ಅಪ್ರೆಂಟಿಸ್ ಆದರೆ ಯುವನಿಧಿ ನಿಲ್ಲುತ್ತದೆ. ನನ್ನನ್ನು ಕೇಳಿದರೆ ನಿಂತರೆ ನಿಲ್ಲಲಿ.

ಇನ್ನು ಹತ್ತಿರದ ದಾರಿ ಒಂದು ಹೇಳುತ್ತೇನೆ. ಶಿರಾದಲ್ಲಿ, ತುಮಕೂರಿನಲ್ಲಿ ಆಡಿಟರ್ ಆಫೀಸುಗಳಿವೆ, ಟ್ಯಾಕ್ಸ್ ಕನ್ಸಲ್ಟೆಂಟರಿದ್ದಾರೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಮೇಲೆ ಅವರಿಗೆ ಕೈ ಕೆಳಗೆ ಜನ ಬೇಕೇ ಬೇಕು. ಅವರು ಯಾವ ಆ್ಯಪಿನಲ್ಲೂ ಜಾಹೀರಾತು ಹಾಕಲ್ಲ, ಗೊತ್ತಿದ್ದವರನ್ನು ಕೇಳುತ್ತಾರೆ. ಟ್ಯಾಲಿ ಕಲಿತಿಲ್ಲ ಅಂದರೆ ಮೊದಲು ಕಲಿಯಿರಿ. ಬಿ.ಕಾಂನಲ್ಲಿ ಪೇಪರ್ ಇತ್ತು ಅಂದರೆ ಸಾಲದು, ಖರೀದಿ ಬಿಲ್ ಕೊಟ್ಟರೆ ಕೂತಲ್ಲೇ ಎಂಟ್ರಿ ಹಾಕಲು ಬರಬೇಕು. ಆಮೇಲೆ ರೆಸ್ಯೂಮ್ ಹಿಡಿದು ನೀವೇ ಹೋಗಿ. ಯಾವಾಗ ಹೋಗಬೇಕು ಅನ್ನುವುದು ಮುಖ್ಯ. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ರಿಟರ್ನ್ ಸಲ್ಲಿಸುವ ಕೊನೆ ದಿನ. ಹತ್ತರಿಂದ ಇಪ್ಪತ್ತರ ತನಕ ಆ ಆಫೀಸುಗಳಲ್ಲಿ ಯಾರೂ ತಲೆ ಎತ್ತಲ್ಲ. ಆಗ ಹೋದರೆ ‘ಆಮೇಲೆ ಬಾಮ್ಮ’ ಅನ್ನುತ್ತಾರೆ, ನೀವು ಬೇಜಾರಾಗಿ ವಾಪಸ್ ಬರುತ್ತೀರಿ. 22, 23ನೇ ತಾರೀಖು ಮಧ್ಯಾಹ್ನ ಹೋಗಿ, ಕೂರಿಸಿ ಮಾತಾಡಿಸುತ್ತಾರೆ. ಜುಲೈನ ಆದಾಯ ತೆರಿಗೆ ರಿಟರ್ನ್ಸ್ ಗಲಾಟೆಗೆ ಜನ ಬೇಕು ಅಂತ ಮೇ ತಿಂಗಳಲ್ಲೇ ಹುಡುಕಲು ಶುರು ಮಾಡುತ್ತಾರೆ. ಮೊದಲು ಕೊಡುವ ಸಂಬಳ ಕಮ್ಮಿ, ಸುಳ್ಳು ಹೇಳಲ್ಲ. ಆದರೆ ಎರಡು ವರ್ಷ ಜಿಎಸ್‌ಟಿ ಮಾಡಿದ ಹುಡುಗಿಗೆ ಆಮೇಲೆ ಅನುಭವ ಕೇಳುವವರು ಇರಲ್ಲ. ಮದುವೆಯಾಗಿ ಬೇರೆ ಊರಿಗೆ ಹೋದರೂ ಆ ಕೆಲಸ ಜೊತೆಗೇ ಬರುತ್ತದೆ.

ಸ್ವಂತ ಏನಾದರೂ ಮಾಡುವ ಮನಸ್ಸಿದ್ದರೆ ಸ್ವಉದ್ಯೋಗದ ತರಬೇತಿ ಕೊಡುವ ರುಡ್‌ಸೆಟ್ ಸಂಸ್ಥೆ ಕಡೆ ನೋಡಿ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಟ್ರಸ್ಟು, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಶುರು ಮಾಡಿದ್ದು. ಅದನ್ನೇ ನೋಡಿಕೊಂಡು ಕೇಂದ್ರದವರು ಜಿಲ್ಲೆಗೊಂದು ಆರ್‌ಸೆಟಿ ಮಾಡಿಸಿದರು. ನಿಮಗೆ ಪಕ್ಕದ ಚಿತ್ರದುರ್ಗದಲ್ಲೂ ರುಡ್‌ಸೆಟ್ ಇದೆ. ಊಟ, ವಸತಿ, ತರಬೇತಿ ಎಲ್ಲ ಉಚಿತ. ನನಗೆ ಅಲ್ಲಿ ಇಷ್ಟವಾಗುವುದು ತರಬೇತಿಗಿಂತ ಆಮೇಲಿನದ್ದು. ಕಲಿತು ಹೋದವರನ್ನು ಎರಡು ವರ್ಷ ಬಿಡದೆ ವಿಚಾರಿಸುತ್ತಾರೆ. ಶುರು ಮಾಡಿದ್ರಾ, ಸಾಲ ಸಿಕ್ಕಿತಾ, ಯಾಕೆ ನಿಂತಿತು ಅಂತ. ನಮ್ಮ ಉಳಿದ ಯೋಜನೆಗಳಲ್ಲಿ ಇಲ್ಲದ್ದು ಇದೇ. ಯುವನಿಧಿ ದುಡ್ಡು ಖಾತೆಗೆ ಬೀಳುತ್ತದೆ, ‘ಏನಮ್ಮಾ, ಈ ತಿಂಗಳು ಎಲ್ಲಿ ಕೇಳಿದೆ’ ಅನ್ನಲು ಒಬ್ಬ ಮನುಷ್ಯ ಬರಲ್ಲ. ಪೋರ್ಟಲ್ ಪಾಸ್‌ವರ್ಡ್ ಕೊಡುತ್ತದೆ, ಅಷ್ಟೇ. ಆಸರೆ ಇದೆಯಾ ಅಂತ ಕೇಳಿದಿರಲ್ಲ, ದುಡ್ಡಿನ ಆಸರೆ ಒಂದಿಷ್ಟು ಇದೆ, ಜೊತೆಗೆ ನಿಲ್ಲುವ ಜನದ ಆಸರೆ ಬಹಳ ಕಮ್ಮಿ.

ಅಮ್ಮ ಸಂಜೀವಿನಿ, ಸ್ತ್ರೀಶಕ್ತಿ ಅಂತ ಯಾವುದಾದರೂ ಸಂಘದಲ್ಲಿದ್ದರೆ ಇನ್ನೊಂದು ವಿಚಾರ ಕೇಳಿಸಿ. ಹಳ್ಳಿಯ ಬಡ ಮನೆಗಳ ಮಕ್ಕಳಿಗೆ ಡಿಡಿಯು-ಜಿಕೆವೈ ಅನ್ನುವ ತರಬೇತಿ ಇದೆ, ಉಚಿತ, ಮುಗಿದ ಮೇಲೆ ಕೆಲಸಕ್ಕೆ ಸೇರಿಸುವುದೂ ತರಬೇತಿ ಕೊಟ್ಟವರ ಜವಾಬ್ದಾರಿ. ಹೆಣ್ಣುಮಕ್ಕಳಿಗೆ 45 ವರ್ಷದವರೆಗೂ ಅವಕಾಶ ಇದೆ. ಸೇರುವ ಮುಂಚೆ ಹಿಂದಿನ ಬ್ಯಾಚಿನ ಇಬ್ಬರು ಹುಡುಗಿಯರ ನಂಬರ್ ಇಸ್ಕೊಂಡು ಅವರು ಈಗ ಎಲ್ಲಿದ್ದಾರೆ ಅಂತ ವಿಚಾರಿಸಿ. ನಂಬರ್ ಕೊಡಲ್ಲ ಅಂದರೆ ಸೇರಬೇಡಿ.

ಬಸ್ಸಿನ ವಿಚಾರಕ್ಕೆ ಬರೋಣ, ಯಾಕೆಂದರೆ ನೀವು ಕೆಲಸ ಬಿಟ್ಟಿದ್ದು ಅದಕ್ಕೇ. ನಿಮ್ಮನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ, ಕೆಲಸ ಬರದೆಯೂ ಬಿಡಲಿಲ್ಲ. ಮುಂದಿನ ಇಂಟರ್‌ವ್ಯೂನಲ್ಲಿ ‘ಯಾಕೆ ಬಿಟ್ಟಿರಿ’ ಅಂದರೆ ತಲೆ ತಗ್ಗಿಸದೆ ಹೇಳಿ: ಎಂಟೂವರೆಗೆ ಬಿಡುತ್ತಿದ್ದರು, ಬಸ್ ಇರಲಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಆಧಾರ್ ತೋರಿಸಿದರೆ ಟಿಕೆಟ್ ದುಡ್ಡಿಲ್ಲ. ತುಮಕೂರಿಗೆ ದಿನಾ ಹೋಗಿ ಬರುವವರಿಗೆ ಇದು ಸಂಬಳದಲ್ಲಿ ದೊಡ್ಡ ಉಳಿತಾಯ. ಆದರೆ ಫ್ರೀ ಟಿಕೆಟ್ ಇದ್ದು ಬಸ್ಸೇ ಇಲ್ಲದಿದ್ದರೆ ಏನು ಮಾಡುವುದು? ಅದಕ್ಕೇ ನಾನು ಹುಡುಗಿಯರಿಗೆ ಹೇಳುವುದು, ಸಂಬಳ ಕೇಳುವ ಮೊದಲು ಬಿಡುವ ಟೈಮು ಕೇಳಿ ಅಂತ. ನಿಮ್ಮೂರ ಕೊನೆಯ ಬಸ್ ತುಮಕೂರು ಬಿಡುವ ಹೊತ್ತು ಬರೆದಿಟ್ಟುಕೊಳ್ಳಿ. ಅದಕ್ಕಿಂತ ಮುಕ್ಕಾಲು ಗಂಟೆ ಮುಂಚೆ ಬಿಡುವ ಕೆಲಸ ಮಾತ್ರ ಒಪ್ಪಿಕೊಳ್ಳಿ, ಇಲ್ಲದಿದ್ದರೆ ಅಲ್ಲೇ ಉಳಿಯುವ ಏರ್ಪಾಡು ಮಾಡಿಕೊಳ್ಳಿ. ತುಮಕೂರಿನಿಂದ ಶಿರಾ ಕಡೆ ಬರುವ ಹೈವೇಯಲ್ಲಿ ವಸಂತನರಸಾಪುರದ ಕೈಗಾರಿಕಾ ಪ್ರದೇಶ ಸಿಗುತ್ತದೆ. ನಿಮಗೆ ಅದು ತುಮಕೂರಿಗಿಂತ ಹತ್ತಿರ. ಅಲ್ಲಿನ ಆಫೀಸುಗಳಲ್ಲಿ ಸ್ಟೋರ್ಸ್, ಬಿಲ್ಲಿಂಗ್, ಅಕೌಂಟ್ಸ್ ಕೆಲಸ ಕೇಳಿದ್ದೀರಾ? ಗೇಟಿನ ಸೆಕ್ಯುರಿಟಿಗೆ ರೆಸ್ಯೂಮ್ ಕೊಟ್ಟು ಬರಬೇಡಿ, ಎಚ್‌ಆರ್ ಯಾವ ದಿನ ಸಿಗುತ್ತಾರೆ ಅಂತ ಕೇಳಿಕೊಂಡು ಆ ದಿನ ಹೋಗಿ. ಒಂದು ಸ್ಕೂಟಿ ಓಡಿಸಲು ಕಲಿತು ಲೈಸೆನ್ಸ್ ಮಾಡಿಸಿಕೊಂಡರೆ ಇನ್ನೂ ನಾಲ್ಕು ಬಾಗಿಲು ತೆರೆಯುತ್ತವೆ. ಎಲ್‌ಎಲ್‌ಆರ್ ಆಗಿ 30 ದಿನಕ್ಕೆ ಡಿಎಲ್‌ಗೆ ಹೋಗಬಹುದು.

ಕೋಲಾರದ ನರಸಾಪುರ, ದೇವನಹಳ್ಳಿ ಕಡೆ ಫೋನ್ ಜೋಡಿಸುವ ಕಾರ್ಖಾನೆಗಳಿಗೆ ಜನ ಬೇಕು ಅಂತ ನಿಮಗೂ ಮೆಸೇಜ್ ಬಂದಿರುತ್ತದೆ. ಅಲ್ಲಿ ಲೈನಿನಲ್ಲಿ ನಿಂತಿರುವವರು ಹೆಚ್ಚಿನವರು ನಿಮ್ಮ ವಯಸ್ಸಿನ ಹುಡುಗಿಯರೇ. ಹಾಸ್ಟೆಲ್, ಬಸ್ಸು ಕೊಡುತ್ತಾರೆ. ಡಿಗ್ರಿ ಓದಿ ಫ್ಯಾಕ್ಟರಿಗಾ ಅನ್ನುವ ಮಾತಿಗೆ ಕಿವಿ ಕೊಡಬೇಡಿ, ಕೈಗೆ ಸಂಬಳ ಬರುವುದು ದೊಡ್ಡದು. ಆದರೆ ಲೈನಿನಲ್ಲಿ ಎರಡು ವರ್ಷ ನಿಂತರೆ ಅಕೌಂಟ್ಸ್ ಅನುಭವ ಬರಲ್ಲ, ಅದು ಗೊತ್ತಿರಲಿ. ಯಾರ ರೋಲ್ ಮೇಲೆ ತೆಗೆದುಕೊಳ್ಳುತ್ತಿದ್ದಾರೆ, ಕಂಪನಿಯದ್ದಾ ಏಜೆನ್ಸಿಯದ್ದಾ ಅಂತ ಕೇಳಿ. ರಾತ್ರಿ ಪಾಳಿ ಇದ್ದರೆ ನಿಮ್ಮ ಒಪ್ಪಿಗೆ ಬೇಕು, ಕರೆದುಕೊಂಡು ಬಂದು ಬಿಡುವ ಗಾಡಿ ಕಂಪನಿಯದ್ದೇ ಆಗಬೇಕು.

ಎಲ್ಲೇ ಸೇರಿದರೂ ಅಪಾಯಿಂಟ್‌ಮೆಂಟ್ ಲೆಟರ್ ಕೇಳಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಅದನ್ನು ಕೊಡಲೇಬೇಕು ಅಂತಿದೆ. ಸಂಬಳ 21,000ದ ಒಳಗಿದ್ದರೆ ಇಎಸ್‌ಐ ಅನ್ನುವ ಆರೋಗ್ಯ ವಿಮೆಯ ಲೆಕ್ಕ ಬರುತ್ತದೆ, ನಿಮ್ಮ ಸಂಬಳದಲ್ಲಿ 0.75% ಹಿಡಿಯುತ್ತಾರೆ, ಕಂಪನಿ 3.25% ಹಾಕುತ್ತದೆ. ಪಿಎಫ್ ಇದ್ದರೆ ಯುಎಎನ್ ನಂಬರ್ ಬರೆದಿಟ್ಟುಕೊಳ್ಳಿ. ನಾಳೆ ಬೇರೆ ಕಡೆ ಹೋದಾಗ ನೀವು ನಿಜವಾಗಿ ಕೆಲಸ ಮಾಡಿದ್ದೀರಿ ಅನ್ನುವುದಕ್ಕೆ ಅದೇ ಸಾಕ್ಷಿ. ಆ ಅಂಗಡಿಯ ಐದು ತಿಂಗಳಿಗೆ ನಿಮ್ಮ ಹತ್ತಿರ ಏನು ಕಾಗದ ಇದೆ? ಏನೂ ಇಲ್ಲದಿದ್ದರೆ ಸಂಬಳ ಖಾತೆಗೆ ಬಿದ್ದ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ ಫೈಲಿನಲ್ಲಿಡಿ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರಬೇಕು. ಚಿಕ್ಕ ಅಂಗಡಿ, ಆಫೀಸು ಆದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು.

ಮತ್ತೆ, ಕೆಲಸ ಕೊಡಲು ಯಾರಾದರೂ ದುಡ್ಡು ಕೇಳಿದರೆ ಅಲ್ಲಿಗೆ ಮುಗಿಯಿತು. ರಿಜಿಸ್ಟ್ರೇಷನ್ ಫೀ 499, ಲ್ಯಾಪ್‌ಟಾಪ್ ಡೆಪಾಸಿಟ್, ಮನೆಯಲ್ಲೇ ಕೂತು ಡೇಟಾ ಎಂಟ್ರಿ, ಟೆಲಿಗ್ರಾಂನಲ್ಲಿ ವಿಡಿಯೊಗೆ ಲೈಕ್ ಕೊಟ್ಟರೆ ದುಡ್ಡು, ಎಲ್ಲವೂ ಮನೆಯಲ್ಲಿ ಕೂತ ಹೆಣ್ಣುಮಕ್ಕಳಿಗೇ ಹಾಕುವ ಗಾಳ. ದುಡ್ಡು ಕಳೆದುಕೊಂಡಿದ್ದರೆ ನಾಚಿಕೆ ಪಟ್ಟು ಸುಮ್ಮನಿರಬೇಡಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಸರ್ಕಾರಿ ಪರೀಕ್ಷೆ ಬರೆಯಬೇಕಾ? ಬರೆಯಿರಿ. ಅದಕ್ಕಾಗಿಯೇ ನಾಲ್ಕೈದು ವರ್ಷ ಮನೆಯಲ್ಲಿ ಕೂರಬೇಡಿ. 2024ರಲ್ಲಿ ಗ್ರಾಮ ಆಡಳಿತ ಅಧಿಕಾರಿಯ 1,000 ಹುದ್ದೆಗೆ ಕರೆದಾಗ ಲಕ್ಷಗಟ್ಟಲೆ ಅರ್ಜಿ ಬಂದವು. ಆದರೆ ನೀವು ಹೆಣ್ಣುಮಗಳು, ಮಹಿಳಾ ಮೀಸಲು 33% ಇದೆ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲು 25%, ಕನ್ನಡದಲ್ಲೇ ಓದಿದ್ದರೆ ಕನ್ನಡ ಮಾಧ್ಯಮದ 5%. ಈ ಎರಡು ಪ್ರಮಾಣಪತ್ರವನ್ನು ಓದಿದ ಶಾಲೆಯ ಹೆಡ್‌ಮಾಸ್ಟರ್ ಹತ್ತಿರ ಬರೆಸಿ, ಬಿಇಒ ಸಹಿ ಹಾಕಿಸಿ ಈಗಲೇ ಇಟ್ಟುಕೊಳ್ಳಿ. ಅರ್ಜಿಯ ಕೊನೆ ದಿನ ಆದಮೇಲಿನ ತಾರೀಖು ಇದ್ದರೆ ಒಪ್ಪಲ್ಲ, ಒಳ್ಳೆ ಅಂಕ ಬಂದ ಹುಡುಗಿಯರು ಇದೊಂದರಲ್ಲಿ ಕೈ ಸುಟ್ಟುಕೊಂಡಿದ್ದನ್ನು ನೋಡಿದ್ದೇನೆ. ಇದನ್ನು ಓದುತ್ತಿರುವ ಕೊಪ್ಪಳ, ರಾಯಚೂರು, ಕಲಬುರಗಿ ಕಡೆಯವರು ಕಲ್ಯಾಣ ಕರ್ನಾಟಕದ ಮೀಸಲಿಗೆ ಬೇಕಾಗುವ 371(ಜೆ) ಸರ್ಟಿಫಿಕೇಟ್ ಮರೆಯಬೇಡಿ.

ಅಪ್ಪ ಗಂಡು ನೋಡುತ್ತಿದ್ದಾರೆ ಅಂದಿರಿ. ಅದಕ್ಕೆ ನಾನು ಅಡ್ಡ ಮಾತಾಡಲ್ಲ. ಆದರೆ ಅಪ್ಪಂದಿರು ಬೇಡ ಅನ್ನುವುದು ಬಹಳ ಸಲ ಕೆಲಸವನ್ನಲ್ಲ, ತಾವು ನೋಡದೇ ಇರುವ ಊರನ್ನು. ಒಂದು ಸಲ ಹುಡುಗಿಯರ ಬದಲು ಅವರ ಅಪ್ಪಂದಿರನ್ನೇ ಬಸ್ ಹತ್ತಿಸಿಕೊಂಡು ಹಾಸ್ಟೆಲ್, ಫ್ಯಾಕ್ಟರಿ ತೋರಿಸಲು ಹೋಗಿದ್ದೆ. ಹನ್ನೆರಡು ಜನ. ಸಂಬಳ ಎಷ್ಟು, ರಜೆ ಎಷ್ಟು ಅಂತ ಯಾರೂ ಕೇಳಲಿಲ್ಲ. ಪಂಚೆ ಉಟ್ಟ ಒಬ್ಬರು ಹಾಸ್ಟೆಲ್ ಬಾಗಿಲ ಚಿಲಕ ಎಳೆದು ನೋಡಿದರು. ಆಮೇಲೆ ವಾರ್ಡನ್ ಕಡೆ ತಿರುಗಿ, “ರಾತ್ರಿ ಗೇಟು ಎಷ್ಟೊತ್ತಿಗೆ ಹಾಕ್ತೀರಮ್ಮ?” ಅಂದರು. ಒಂಬತ್ತಕ್ಕೆ ಅಂತ ಹೇಳಿದರು. ವಾಪಸ್ ಬರುವಾಗ ಬಸ್ಸಿನಲ್ಲಿ ಒಂಬತ್ತು ಜನ ಒಪ್ಪಿದರು. ನೀವೂ ಅಷ್ಟೇ ಮಾಡಿ. ‘ಕೆಲಸಕ್ಕೆ ಹೋಗ್ಲಾ’ ಅಂತ ಕೇಳಬೇಡಿ. ಆಡಿಟರ್ ಆಫೀಸಿಗೋ ವಸಂತನರಸಾಪುರಕ್ಕೋ ಹೋಗುವ ದಿನ ಅಪ್ಪನನ್ನೂ ಜೊತೆಗೆ ಕರೆದುಕೊಂಡು ಹೋಗಿ, ಹೊರಗಿನ ಬೆಂಚಿನ ಮೇಲೆ ಕೂರಿಸಿ, ಟೀ ಕುಡಿಸಿ. ನಿಮ್ಮನ್ನು ಒಳಗೆ ಕರೆದು ಕುರ್ಚಿ ಕೊಟ್ಟು ಮಾತಾಡಿಸುವುದನ್ನು ಅವರು ಕಣ್ಣಾರೆ ನೋಡಲಿ. ಗಂಡಿನ ಕಡೆಯವರು ಬಂದಾಗ ‘ಹುಡುಗಿ ಏನು ಮಾಡ್ತಾಳೆ’ ಅಂತ ಕೇಳೇ ಕೇಳುತ್ತಾರೆ. ಆಗ ಅಪ್ಪ ಏನು ಹೇಳುತ್ತಾರೆ ಅಂತ ನನಗೂ ಕುತೂಹಲ ಇದೆ.

ಇನ್ನು ಆ ಟ್ಯಾಬಿನವರು. ಅವರು ಮತ್ತೆ ಬರುತ್ತಾರೆ. 2025ರ ಜನವರಿಯಿಂದ ಈ ಸಮೀಕ್ಷೆಯ ಕ್ರಮ ಬದಲಾಗಿದೆ, ಒಂದು ಮನೆ ಆಯ್ಕೆಯಾದರೆ ಸತತ ನಾಲ್ಕು ತಿಂಗಳು, ತಿಂಗಳಿಗೊಂದು ಸಲ ಬರುತ್ತಾರೆ. ಬಂದಾಗ ಕಳೆದ ಏಳು ದಿನದಲ್ಲಿ ಏನು ಮಾಡಿದಿರಿ ಅಂತ ಕೇಳುತ್ತಾರೆ. ಆ ವಾರದಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ಕೆಲಸ ಹುಡುಕಿದ್ದರೂ, ಕೆಲಸಕ್ಕೆ ತಯಾರಿದ್ದರೂ ನಿಮ್ಮ ಕೋಡ್ ಬೇರೆ. ಅದರಿಂದ ನಿಮ್ಮ ಖಾತೆಗೆ ದುಡ್ಡೇನೂ ಬರಲ್ಲ, ಬರೆದುಕೊಂಡದ್ದು ಗುಟ್ಟಾಗಿಯೇ ಇರುತ್ತದೆ. ಆದರೂ ಈ ಸಲ ಅಮ್ಮನ ಹತ್ತಿರ ಮೊದಲೇ ಹೇಳಿಟ್ಟಿರಿ. ಬೆಲ್ ಆದಾಗ ಒಲೆ ಸಣ್ಣ ಮಾಡಿ, ಕೈ ಒರೆಸಿಕೊಂಡು, ನೀವೇ ಹೊರಗೆ ಬನ್ನಿ. “ಸಾರ್, ಸೋಮವಾರ ಶಿರಾದಲ್ಲಿ ಎರಡು ಆಡಿಟರ್ ಆಫೀಸಿಗೆ ಹೋಗಿದ್ದೆ. ಗುರುವಾರ ನ್ಯಾಟ್ಸ್‌ನಲ್ಲಿ ಅರ್ಜಿ ಹಾಕಿದೆ. ಕೆಲಸ ಹುಡುಕ್ತಾ ಇದ್ದೀನಿ, ಬರ್ಕೊಳಿ” ಅನ್ನಿ.